ಥಂಡರ್ ಮ್ಯಾನ್ ಬೆಂಗಳೂರಲ್ಲಿ ಏನು ಮಾಡ್ತಿದ್ದಾನೆ?

ಪ್ರಶ್ನೆ: ನನಗೆ 24 ವರ್ಷ. ಚಳ್ಳಕೆರೆ ಕಡೆ ಒಂದು ಹೋಬಳಿಯಲ್ಲಿ ಕಿರಿಯ ಪವರ್‌ಮ್ಯಾನ್ ಆಗಿದ್ದೇನೆ. ಚಿಕ್ಕಂದಿನಿಂದ ಸೂಪರ್ ಹೀರೊ ಕಥೆ ಅಂದ್ರೆ ಹುಚ್ಚು. ನಾನೇ ಒಂದು ಸೂಪರ್ ಹೀರೊ ಕಾದಂಬರಿ ಬರೆದು ಕಂತು ಕಂತಾಗಿ ಆನ್‌ಲೈನ್‌ನಲ್ಲಿ ಹಾಕಬೇಕು ಅಂತ ಆಸೆ. ಹೆಸರು ‘ಥಂಡರ್ ಮ್ಯಾನ್’. ಬೆಂಗಳೂರಿನ ಒಬ್ಬ ಐಟಿ ಇಂಜಿನಿಯರ್, ಲ್ಯಾಬ್‌ನಲ್ಲಿ ಸ್ಫೋಟ ಆಗಿ ಅವನಿಗೆ ಶಕ್ತಿ ಬರುತ್ತೆ. 6 ಅಧ್ಯಾಯ ಆಗಿದೆ, ಮೊದಲನೆಯದನ್ನು ಲಗತ್ತಿಸಿದ್ದೇನೆ. ಒಬ್ಬ ಗೆಳೆಯ ‘ಇದೆಲ್ಲ ಮಾರ್ವೆಲ್ ಕಾಪಿ, ಕೇಸ್ ಹಾಕ್ತಾರೆ’ ಅಂತಾನೆ. ಇನ್ನೊಬ್ಬ ‘ಫ್ರೀಯಾಗಿ ಹಾಕಿದ್ರೆ ಕದ್ದು ಸಿನಿಮಾ ಮಾಡ್ತಾರೆ’ ಅಂತಾನೆ. ಒಬ್ಬ ಪ್ರಕಾಶಕರು 35,000 ರೂಪಾಯಿ ಕೊಟ್ಟರೆ ಪುಸ್ತಕ ಮಾಡಿಕೊಡ್ತೀವಿ ಅಂದಿದ್ದಾರೆ. ಕನ್ನಡದಲ್ಲಿ ಓದೋರು ಕಡಿಮೆ, ಇಂಗ್ಲಿಷ್‌ನಲ್ಲಿ ಬರೀಬೇಕಿತ್ತಾ? ಕೆಲಸದ ಮಧ್ಯೆ ಟೈಮೂ ಸಿಗಲ್ಲ. ಹೋದ ವರ್ಷ ಎಲ್‌ಸಿ (ಲೈನ್ ಕ್ಲಿಯರ್, ಅಂದ್ರೆ ಲೈನಿನ ಕರೆಂಟ್ ತೆಗೆದಿದೆ, ಕೆಲಸ ಮಾಡಬಹುದು ಅನ್ನೋ ಅನುಮತಿ) ತಗೊಂಡು ಕಂಬ ಹತ್ತಿದ್ದಾಗ ಕಲ್ಯಾಣ ಮಂಟಪದ ಜನರೇಟರ್‌ನಿಂದ ಲೈನಿಗೆ ವಾಪಸ್ ಕರೆಂಟ್ ಬಂತು. ಕರೆಂಟ್ ನೆಲಕ್ಕೆ ಹೋಗಲಿ ಅಂತ ಲೈನಿಗೆ ಅರ್ಥ್ ಹಾಕಿದ್ದಕ್ಕೆ ಉಳಿದೆ. ಆಸೆ ಇರೋದನ್ನ ಈಗಲೇ ಮಾಡಿಬಿಡಬೇಕು ಅಂತ ಅವತ್ತೇ ಅನ್ನಿಸಿದ್ದು. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಧ್ಯಾಯವನ್ನು ಒಂದೇ ಸಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ಗೆಳೆಯರು ಹುಟ್ಟಿಸಿದ ಭಯಗಳನ್ನು ಇಳಿಸೋಣ.

ಸೂಪರ್ ಹೀರೊ ಅನ್ನೋ ಕಲ್ಪನೆ ಯಾರಪ್ಪನ ಮನೆ ಆಸ್ತಿಯೂ ಅಲ್ಲ. ನಮ್ಮ ಸುಪ್ರೀಂ ಕೋರ್ಟ್ ಈ ವಿಷಯವನ್ನು 1978ರಲ್ಲೇ ಸ್ಪಷ್ಟ ಮಾಡಿದೆ. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ನಾಟಕವನ್ನು ಒಂದು ಸಿನಿಮಾದವರು ಕದ್ದಿದ್ದಾರೆ ಅಂತ ಕೋರ್ಟಿಗೆ ಹೋಗಿದ್ದರು. ಐಡಿಯಾಕ್ಕೆ, ವಸ್ತುವಿಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಅಂತ ಕೋರ್ಟ್ ಹೇಳಿತು. ಆನಂದ್ ಸೋತರು. ಹಾಗಾಗಿ ಸಿಡಿಲು ಹೊಡೆದು ಶಕ್ತಿ ಬರೋದು, ಗುಟ್ಟಾಗಿ ಊರು ಕಾಯೋದು, ಮುಖವಾಡ ಹಾಕೋದು ಎಲ್ಲವೂ ಎಲ್ಲರಿಗೂ ಬಿಟ್ಟಿದ್ದು. ಇನ್ನೊಬ್ಬರ ಪಾತ್ರದ ಹೆಸರು, ವೇಷ, ಎದೆಯ ಮೇಲಿನ ಗುರುತು, ಬರೆದ ದೃಶ್ಯ, ಇವನ್ನು ಮುಟ್ಟಬೇಡಿ. ‘ಅವರ ಹೀರೊ ನನ್ನ ಹೀರೊನನ್ನ ಭೇಟಿ ಮಾಡ್ತಾನೆ’ ಅಂತ ಅಭಿಮಾನಕ್ಕೆ ಬರೆದರೂ ಅದನ್ನು ಮಾರಲು ಹೋಗಬೇಡಿ.

‘ಸೂಪರ್ ಹೀರೊ’ ಎಂಬ ಪದವೇ ಮಾರ್ವೆಲ್‌ನಂಥವರದ್ದು ಅನ್ನೋ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಅದರಲ್ಲಿ ಸ್ವಲ್ಪ ನಿಜ ಇತ್ತು. ಡಿಸಿ ಮತ್ತು ಮಾರ್ವೆಲ್ ಎಂಬ ಎರಡು ಕಾಮಿಕ್ಸ್ ಕಂಪನಿಗಳು ಸೇರಿ ಅಮೆರಿಕದಲ್ಲಿ ದಶಕಗಳ ಕಾಲ ಆ ಪದಕ್ಕೆ ಟ್ರೇಡ್‌ಮಾರ್ಕ್ ಇಟ್ಟುಕೊಂಡಿದ್ದವು. 2024ರ ಸೆಪ್ಟೆಂಬರ್‌ನಲ್ಲಿ ಅದು ರದ್ದಾಯಿತು. ತಮಾಷೆ ನೋಡಿ, ನಿಮ್ಮ ಹುದ್ದೆಯ ಹೆಸರನ್ನೇ ಹೀರೊಗೆ ಇಡೋಣ ಅಂದ್ರೆ ಅದು ಆಗಿಹೋಗಿದೆ. ಮಾರ್ವೆಲ್‌ನ ಲ್ಯೂಕ್ ಕೇಜ್ 1974ರಲ್ಲೇ ‘ಪವರ್ ಮ್ಯಾನ್’ ಅಂತ ಹೆಸರಿಟ್ಟುಕೊಂಡಿದ್ದಾನೆ. ನಮ್ಮಲ್ಲಿ ಸಾವಿರಾರು ಜನ ಪವರ್‌ಮ್ಯಾನ್‌ಗಳು ತಿಂಗಳ ಸಂಬಳಕ್ಕೆ ಕಂಬ ಹತ್ತುತ್ತಿದ್ದಾರೆ ಅಂತ ಅವರಿಗೇನು ಗೊತ್ತು!

ಎರಡನೇ ಭಯ ಕಳ್ಳತನ. ನೀವು ಬರೆದ ಕ್ಷಣದಿಂದಲೇ ಕಾಪಿರೈಟ್ ನಿಮ್ಮದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೋಂದಣಿ ಕಡ್ಡಾಯ ಅಲ್ಲ. ನೀವು ಇರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಅದು ನಿಮ್ಮದೇ. ತಕರಾರು ಬಂದರೆ ಪುರಾವೆ ಇರಲಿ ಅನ್ನಿಸಿದರೆ 500 ರೂಪಾಯಿ ಶುಲ್ಕ ಕಟ್ಟಿ ನೋಂದಣಿ ಮಾಡಿಸಬಹುದು. ಆದರೆ ಆರು ಅಧ್ಯಾಯಕ್ಕೆ ಬೇಡ, ಕಾದಂಬರಿ ಮುಗಿಯಲಿ. ಹಸ್ತಪ್ರತಿಯನ್ನು ತನಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು ಕವರ್ ಒಡೆಯದೆ ಇಟ್ಟುಕೊಳ್ಳೋ ಹಳೇ ಉಪಾಯವನ್ನು ಈಗಲೂ ಕೆಲವರು ಹೇಳುತ್ತಾರೆ. ಆ ರಿಜಿಸ್ಟರ್ಡ್ ಪೋಸ್ಟೇ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ತಾರೀಖು ಕಾಣುವ ಡ್ರಾಫ್ಟ್‌ಗಳನ್ನು ಮೇಲ್‌ನಲ್ಲಿ ಇಟ್ಟುಕೊಳ್ಳಿ, ಸಾಕು.

ಒಂದು ವಾರಪತ್ರಿಕೆಯ ಧಾರಾವಾಹಿ ವಿಭಾಗದಲ್ಲಿ 17 ವರ್ಷ ಇದ್ದವನು ನಾನು. ಈಗ ಹೊಸಬರ ಕಾದಂಬರಿ ತಿದ್ದಿಕೊಡುತ್ತೇನೆ. ಕದ್ದರು ಅಂತ ಅತ್ತವರು ನನಗೆ ಸಿಕ್ಕಿದ್ದು ಕಡಿಮೆ. ತಾವೇ ಸಹಿ ಹಾಕಿ ಕೊಟ್ಟು ಅತ್ತವರು ಜಾಸ್ತಿ. ಸೂಪರ್ ಹೀರೊ ಕಥೆಗಳ ಚರಿತ್ರೆ ಶುರುವಾಗೋದೇ ಅಂಥ ಒಂದು ಸಹಿಯಿಂದ. ಜೆರ್ರಿ ಸೀಗಲ್, ಜೋ ಶುಸ್ಟರ್ ಅಂತ ಇಬ್ಬರು ಹುಡುಗರು ಸೂಪರ್‌ಮ್ಯಾನ್‌ನ ಎಲ್ಲ ಹಕ್ಕನ್ನೂ 1938ರಲ್ಲಿ 130 ಡಾಲರ್‌ಗೆ ಬರೆದುಕೊಟ್ಟರು. ಆಮೇಲೆ ಎಷ್ಟೋ ವರ್ಷ ಕೋರ್ಟು ಅಲೆದರು. 1975ರಲ್ಲಿ ಕಂಪನಿ ವರ್ಷಕ್ಕೆ ಇಷ್ಟು ಅಂತ ಪಿಂಚಣಿ ಕೊಡಲು ಒಪ್ಪುವ ಹೊತ್ತಿಗೆ ಇಬ್ಬರಿಗೂ 60 ದಾಟಿತ್ತು.

ನಮ್ಮ ಕಾಯ್ದೆ ಬರೆಯುವವನ ಪರವಾಗಿ ಕೆಲವು ಬಾಗಿಲು ತೆರೆದಿಟ್ಟಿದೆ. ಹಕ್ಕು ಬಿಟ್ಟುಕೊಡೋದು ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು, ಬಾಯಿಮಾತು ನಡೆಯಲ್ಲ. ಒಪ್ಪಂದದಲ್ಲಿ ಅವಧಿ ಬರೆದಿಲ್ಲ ಅಂದ್ರೆ 5 ವರ್ಷ ಅಂತ ಲೆಕ್ಕ. ಎಲ್ಲಿಗೆ ಅಂತ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ. ಅದಕ್ಕೇ ಎದುರು ಪಾರ್ಟಿಯವರು ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಅಂತ ಮರೆಯದೆ ಸೇರಿಸುತ್ತಾರೆ. ಆ ಎರಡು ಮಾತು ಕಂಡಲ್ಲಿ ಪೆನ್ನು ಕೆಳಗಿಡಿ. ಆಡಿಯೊ, ಕಾಮಿಕ್, ಅನುವಾದ, ವೆಬ್ ಸೀರೀಸ್ ಎಲ್ಲವೂ ಒಂದೇ ಸಾಲಿನಲ್ಲಿ ಹೋಗುತ್ತಿದೆಯಾ ಅಂತಲೂ ನೋಡಿ.

ಈಗ ಅಧ್ಯಾಯದ ವಿಷಯ. ಲಗತ್ತು ತೆರೆದಾಗ ಪರದೆ ಮೇಲೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ ಎಲ್ಲ ಕಲಸಿದ ಹಾಗೆ ಬಂತು. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ. ವೆಬ್‌ಗೆ ಅದು ಆಗಲ್ಲ, ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಬರೆಯಿರಿ. ಆಗಿರುವ ಆರು ಅಧ್ಯಾಯವನ್ನು ಪರಿವರ್ತಕಕ್ಕೆ ಹಾಕಿದರೆ ಬದಲಾಗುತ್ತೆ, ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ಕೂತು ಓದಿ ತಿದ್ದಬೇಕು.

ನಾನು ಪರಿವರ್ತಿಸಿಕೊಂಡು ಓದಿದೆ. ಮೊದಲ ಸಾಲುಗಳು ಹೀಗಿವೆ: ‘ಮಹಾನಗರ ಗಾಢ ನಿದ್ರೆಯಲ್ಲಿತ್ತು. ಥಂಡರ್ ಮ್ಯಾನ್ ಗಗನಚುಂಬಿ ಕಟ್ಟಡದ ತುದಿಯಲ್ಲಿ ನಿಂತು ಕತ್ತಲನ್ನು ದಿಟ್ಟಿಸಿದ. ಅವನ ಕೆಂಪು ಕೇಪ್ ಗಾಳಿಯಲ್ಲಿ ಹಾರಾಡುತ್ತಿತ್ತು.’ ವಾಕ್ಯದಲ್ಲಿ ತಪ್ಪಿಲ್ಲ. ಆದರೆ ನೀವೇ ಹೇಳಿ, ಹಾರಾಡೋ ಬಟ್ಟೆ ಹಾಕಿಕೊಂಡು ಲೈನ್ ಹತ್ತಿರ ಹೋಗೋಕಾಗುತ್ತಾ? ಟ್ರೈನಿಂಗ್‌ನ ಮೊದಲ ದಿನವೇ ಬೈದಿರುತ್ತಾರೆ. ಇದನ್ನು ಬರೆದವರು ಪವರ್‌ಮ್ಯಾನ್ ಅಲ್ಲ, ಸಿನಿಮಾ ನೋಡಿ ಮನೆಗೆ ಬಂದ ಹುಡುಗ. ಗೆಳೆಯ ‘ಕಾಪಿ’ ಅಂದಿದ್ದು ಕಾನೂನಿನ ಲೆಕ್ಕದಲ್ಲಿ ತಪ್ಪು, ಓದುಗನ ಲೆಕ್ಕದಲ್ಲಿ ಸರಿ.

ನಿಮ್ಮ ಪತ್ರದ ಕೊನೆಯಲ್ಲಿ, ಸುಮ್ನೆ ಹೇಳಿಬಿಟ್ಟ ಹಾಗೆ, ಮೂರು ವಾಕ್ಯ ಇದೆ. ಎಲ್‌ಸಿ ತಗೊಂಡಾಗಿದೆ, ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದ್ದೀರಿ. ಯಾರದೋ ಮದುವೆ, ಜನರೇಟರ್ ಓಡುವಾಗ ಲೈನಿನ ಸಂಪರ್ಕ ಕಡಿಯುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಓಡಿಸಿದ್ದಾರೆ. ಆ ಕರೆಂಟ್ ಟಿಸಿ (ಟ್ರಾನ್ಸ್‌ಫಾರ್ಮರ್) ಮೂಲಕ ಹಿಂದಕ್ಕೆ ಹತ್ತಿ ಸತ್ತ ಲೈನಿಗೆ ಜೀವ ಬಂದಿದೆ. ಎರಡನೇ ಸಲ ಪತ್ರ ಓದಿದ್ದು ಇದಕ್ಕೇ. ಲ್ಯಾಬ್ ಸ್ಫೋಟವನ್ನು ನೂರು ಜನ ಬರೆದಿದ್ದಾರೆ. ವಾಲಗ ಕೇಳುತ್ತಿರುವಾಗ ಕಂಬದ ಮೇಲೆ ಸಾಯಲು ಹೊರಟವನನ್ನು ಇಡೀ ಜಗತ್ತಿನಲ್ಲಿ ಯಾರೂ ಸೂಪರ್ ಹೀರೊ ಮಾಡಿದ ಹಾಗೆ ಕಾಣೆ.

ಹೊಸಬರು ಮಾಡೋ ದೊಡ್ಡ ತಪ್ಪು ಶಕ್ತಿಯಿಂದ ಶುರು ಮಾಡೋದು. ಏನೇನು ಮಾಡಬಲ್ಲ ಅಂತ ಪಟ್ಟಿ ಬರೆಯುತ್ತಾರೆ. ಓದುಗನನ್ನು ಹಿಡಿದಿಡೋದು ಏನು ಮಾಡಲಾರ ಅನ್ನೋದು, ಮಾಡಿದರೆ ಯಾರು ಬೆಲೆ ತೆರುತ್ತಾರೆ ಅನ್ನೋದು. ಇದನ್ನು ನಮಗೆ ಯಾರೂ ಹೊರಗಿಂದ ಕಲಿಸಬೇಕಿಲ್ಲ. ಹನುಮಂತನಿಗೆ ಶಕ್ತಿ ಇದೆ, ಯಾರಾದರೂ ನೆನಪಿಸೋ ತನಕ ನೆನಪೇ ಇಲ್ಲ. ಕರ್ಣನಿಗೆ ವಿದ್ಯೆ ಇದೆ, ಬೇಕಾದ ಹೊತ್ತಿಗೆ ಮರೆತುಹೋಗುತ್ತೆ. ಭಸ್ಮಾಸುರನ ಕೈ ಅವನ ತಲೆಗೇ ಬಂತು. ಗುಟ್ಟಿನ ವೇಷದ ಕಥೆ ಬೇಕಾ? ವಿರಾಟಪರ್ವ ತೆಗೆಯಿರಿ. ಭೀಮ ಅಡುಗೆಮನೆಯಲ್ಲಿ ವಲಲ, ಅರ್ಜುನ ನಾಟ್ಯಶಾಲೆಯಲ್ಲಿ ಬೃಹನ್ನಳೆ. ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಕಣ್ಣೆದುರು ದ್ರೌಪದಿಗೆ ಅವಮಾನ ಆಗ್ತಿದ್ರೂ ಬಾಯಿಬಿಡೋ ಹಾಗಿಲ್ಲ. ಮಳೆ ಬಾರದಿದ್ದಾಗ ವಿರಾಟಪರ್ವ ಓದಿಸೋ ನಾಡು ನಮ್ಮದು. ನಿಮ್ಮ ಬರದ ಸೀಮೆಗೆ ಇದಕ್ಕಿಂತ ಹತ್ತಿರದ ಸೂಪರ್ ಹೀರೊ ಕಥೆ ಯಾವುದಿದೆ?

ನಿಮ್ಮ ಹೀರೊ ಲೈನಿಂದ ಶಕ್ತಿ ಎಳೆದುಕೊಳ್ಳುತ್ತಾನೆ ಅಂತ ಇಟ್ಟುಕೊಳ್ಳಿ. ಎಲ್ಲಿಂದ ಬರುತ್ತೆ ಆ ಶಕ್ತಿ? ಪಂಪ್‌ಸೆಟ್ ಫೀಡರ್‌ನಿಂದ, ಅಂದ್ರೆ ಹೊಲದ ಮೋಟಾರ್‌ಗಳಿಗೆ ಕರೆಂಟ್ ಒಯ್ಯೋ ಲೈನಿನಿಂದ. ತ್ರೀ ಫೇಸ್ ಸಿಗೋದೇ ದಿನಕ್ಕೆ 7 ಗಂಟೆ. ಅವನು ಎಳೆದರೆ ಫೀಡರ್‌ನ ಕೊನೆಯಲ್ಲಿ ವೋಲ್ಟೇಜ್ ಬೀಳುತ್ತೆ. ವೋಲ್ಟೇಜ್ ಬಿದ್ದರೆ ಯಾವನೋ ರೈತನ ಮೋಟಾರ್ ಕಾಯಿಲ್ ಸುಡುತ್ತೆ. ಕಾಯಿಲ್ ಕಟ್ಟಿಸೋಕೆ ದುಡ್ಡಿಲ್ಲ, ಶೇಂಗಾ ಒಣಗುತ್ತೆ. ಮಾರನೇ ದಿನ ಆ ರೈತ ಬಂದು ಕೂಗಾಡೋದು ಯಾರ ಮೇಲೆ? ಸೆಕ್ಷನ್ ಆಫೀಸ್‌ನಲ್ಲಿ ಕೂತ ಇದೇ ಹುಡುಗನ ಮೇಲೆ. ಊರು ಉಳಿಸಿದ್ದೂ ಅವನೇ, ಹೊಲ ಸುಟ್ಟಿದ್ದೂ ಅವನೇ, ಎರಡನ್ನೂ ಹೇಳಿಕೊಳ್ಳೋ ಹಾಗಿಲ್ಲ. ಇದು ನನ್ನ ಕಥೆಯಲ್ಲ, ಬಳಸಲೇಬೇಕು ಅಂತಿಲ್ಲ. ನಿಮ್ಮ ಕೆಲಸದ ಒಳಗೇ ಇಂಥದ್ದು ಎಷ್ಟು ಬಿದ್ದಿದೆ ಅಂತ ತೋರಿಸಲು ಬರೆದೆ. ಎಲ್‌ಸಿ ಪುಸ್ತಕ, ಅರ್ಥ್ ರಾಡ್, ಮಳೆಗಾಲದ ರಾತ್ರಿಯ ಫೋನ್‌ಗಳು, ಕರೆಂಟ್ ಬಂದ ಕೂಡಲೇ ಹಟ್ಟಿಯ ಮಕ್ಕಳೆಲ್ಲ ‘ಹೋ’ ಅಂತ ಕೂಗೋದು. ನನಗೆ ಇದನ್ನು ಹುಡುಕಿ ಬರೆಯಬೇಕು. ನಿಮಗೆ ಸುಮ್ನೆ ನೆನೆದರೆ ಸಾಕು.

ಊರಿನ ಹೀರೊನನ್ನು ಯಾರು ಓದ್ತಾರೆ ಅನ್ನಬೇಡಿ. 2021ರಲ್ಲಿ ಬಂದ ಮಲಯಾಳಂ ಸಿನಿಮಾ ‘ಮಿನ್ನಲ್ ಮುರಳಿ’ಯ ನಾಯಕ ಹಳ್ಳಿಯ ಟೈಲರ್. ಅದು ಕನ್ನಡಕ್ಕೂ ಡಬ್ ಆಗಿ ಬಂತು. ಅದಕ್ಕೂ ಎಷ್ಟೋ ಮೊದಲು ನನ್ನ ಕಾಲದ ಹುಡುಗರು ಬಾಲಮಂಗಳದಲ್ಲಿ ಡಿಂಗನನ್ನು ಓದುತ್ತಿದ್ದರು. ಅವನು ಇಲಿ! ಇಲಿಯನ್ನು ನಂಬಿದವರು ಲೈನ್‌ಮ್ಯಾನ್‌ನನ್ನು ನಂಬಲ್ವಾ?

ಕನ್ನಡವೋ ಇಂಗ್ಲಿಷೋ ಅಂದ್ರೆ, ನೀವು ಯಾವುದರಲ್ಲಿ ಜಗಳ ಆಡ್ತೀರೋ ಅದರಲ್ಲಿ ಬರೆಯಿರಿ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು, ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಜನ ಕಾದು ಓದಿದರು. ಆ ಓದುಗರ ಮಕ್ಕಳು ಮೊಮ್ಮಕ್ಕಳು ಎಲ್ಲೂ ಹೋಗಿಲ್ಲ, ಕೈಯಲ್ಲಿ ಫೋನ್ ಬಂದಿದೆ ಅಷ್ಟೇ. ಮಾತುಕತೆಯನ್ನು ನಿಮ್ಮ ಕಡೆಯ ಕನ್ನಡದಲ್ಲೇ ಇಡಿ. ನಿರೂಪಣೆಯಲ್ಲಿ ‘ಗಗನಚುಂಬಿ’ ತೆಗೆದು ‘ಎತ್ತರದ’ ಅನ್ನಿ.

ಸಮಯದ ಪ್ರಶ್ನೆಗೆ ಬರುತ್ತೇನೆ, ವೆಬ್ ಕಾದಂಬರಿಗಳು ಸಾಯೋದು ಇಲ್ಲೇ. ನಮ್ಮ ಪತ್ರಿಕೆಯಲ್ಲಿ ಒಮ್ಮೆ ಧಾರಾವಾಹಿಯೊಂದರ ಒಂಬತ್ತನೇ ಕಂತು ಅಚ್ಚಿಗೆ ಹೋದ ವಾರ ಲೇಖಕರಿಗೆ ಕಾಮಾಲೆ ಆಯಿತು. ನಮ್ಮ ಕೈಲಿದ್ದದ್ದು ಇನ್ನೊಂದೇ ಕಂತು. ಎರಡು ವಾರ ಆದ ಮೇಲೆ ‘ಅನಿವಾರ್ಯ ಕಾರಣಗಳಿಂದ’ ಅಂತ ಚೌಕಟ್ಟು ಹಾಕಿದೆವು. ಬಂದ ಕಾರ್ಡುಗಳಲ್ಲಿ ಲೇಖಕರ ಆರೋಗ್ಯ ವಿಚಾರಿಸಿದವರು ಕಡಿಮೆ, ನಾಯಕಿಗೆ ಏನಾಯ್ತು ಅಂತ ಬೈದವರೇ ಜಾಸ್ತಿ. ಅಲ್ಲಿಂದ ಮುಂದೆ ಮೂರನೇ ಒಂದು ಭಾಗ ಕೈಗೆ ಬರದೆ ಮೊದಲ ಕಂತು ಹಾಕಲಿಲ್ಲ.

ನೀವೂ ಅದನ್ನೇ ಪಾಲಿಸಿ. 30 ಕಂತಿನ ಕಥೆ ಅಂದುಕೊಳ್ಳಿ, 10 ಮುಗಿಸಿದ ಮೇಲೆ ಮೊದಲನೆಯದನ್ನು ಹಾಕಿ. ಒಂದು ಕಂತು 1,200ರಿಂದ 1,500 ಪದ ಇದ್ದರೆ ಫೋನ್‌ನಲ್ಲಿ ಓದೋಕೆ ಹಿತ. ವಾರಕ್ಕೆ ಒಂದೇ, ಒಂದೇ ದಿನ, ಒಂದೇ ಹೊತ್ತು. ಏಪ್ರಿಲ್, ಮೇನಲ್ಲಿ ಗಾಳಿಮಳೆ ಶುರುವಾದರೆ ನಿಮಗೆ ಊಟಕ್ಕೂ ಬಿಡುವಿರಲ್ಲ. ಆಗ ಈ ಹತ್ತು ಕಂತೇ ಕಾಯುತ್ತವೆ. ಪ್ರತಿ ಕಂತಿನ ಕೊನೆಗೂ ಬಾಂಬ್ ಹಾಕಬೇಕಿಲ್ಲ. ಒಂದು ಪ್ರಶ್ನೆ ಮುಗಿದು ಇನ್ನೊಂದು ಶುರುವಾದ ಜಾಗದಲ್ಲಿ ‘ಸಶೇಷ’ ಬರೆದರೆ ಓದುಗ ತಾನೇ ಬರುತ್ತಾನೆ. ಕೊನೆಯ ದೃಶ್ಯ ಏನು ಅಂತ ಮಾತ್ರ ಶುರುವಿನಲ್ಲೇ ಗೊತ್ತಿರಲಿ.

ಇಂಗ್ಲಿಷ್‌ನಲ್ಲಿ ‘ವರ್ಮ್’ ಅಂತ ಒಂದು ಸೂಪರ್ ಹೀರೊ ವೆಬ್ ಕಾದಂಬರಿ ಇದೆ. ವೈಲ್ಡ್‌ಬೋ ಎಂಬ ಹೆಸರಲ್ಲಿ ಕೆನಡಾದ ಜಾನ್ ಮೆಕ್ರೇ ಬರೆದದ್ದು. 2011ರ ಜೂನ್‌ನಿಂದ 2013ರ ನವೆಂಬರ್‌ವರೆಗೆ ವಾರಕ್ಕೆ ಎರಡು ಕಂತು, ಕೆಲವು ವಾರ ಮೂರು. ಒಟ್ಟು 16 ಲಕ್ಷಕ್ಕೂ ಹೆಚ್ಚು ಪದ. ಯಾರೋ ನಿಮಗೆ ಇದನ್ನು ತೋರಿಸಿ ‘ಹೀಗೆ ಬರೀಬೇಕು’ ಅಂತಾರೆ, ಹೆದರಬೇಡಿ. ಅದನ್ನು ಶುರು ಮಾಡೋ ಮೊದಲು ಅವರು ಅದೇ ಲೋಕದ ಕಥೆಗಳನ್ನು ವರ್ಷಗಟ್ಟಲೆ ಬರೆದು ಅರ್ಧಕ್ಕೇ ಬಿಟ್ಟಿದ್ದರು. ನಾಯಕಿಯ ಶಕ್ತಿ ಹುಳುಹುಪ್ಪಟೆಗಳನ್ನು ನಡೆಸೋದು, ಅಷ್ಟೇ. ಕಲಿಯಬೇಕಾದ್ದು ಈ ಎರಡು, ಉದ್ದವನ್ನಲ್ಲ. ಇನ್ನು ಪದದ ಲೆಕ್ಕವೂ ಬೇರೆ. ‘ಮನೆಯಲ್ಲಿದ್ದವರಿಗೆಲ್ಲ’ ಅಂತ ನಾವು ಒಂದೇ ಪದದಲ್ಲಿ ಮುಗಿಸೋದಕ್ಕೆ ಅವರಿಗೆ ಐದಾರು ಪದ ಬೇಕು.

ಎಲ್ಲಿ ಹಾಕೋದು? ಪ್ರತಿಲಿಪಿ ಅನ್ನೋ ಕಥೆಗಳ ಆ್ಯಪ್‌ನಲ್ಲಿ ಕನ್ನಡ ಓದುಗರು ಆಗಲೇ ಇದ್ದಾರೆ, ಕಂತು ಹಾಕೋ ವ್ಯವಸ್ಥೆ ಸುಲಭ. ತೊಂದರೆ ಅಂದ್ರೆ ಅಲ್ಲಿಯ ಓದುಗರು ಅವರ ಓದುಗರು. ಅವರು ನಿಯಮ ಬದಲಾಯಿಸಿದರೆ ನೀವೂ ಬದಲಾಗಬೇಕು. ಹಣ ಸಿಗೋ ಯೋಜನೆಗೆ ಸೇರೋ ಮೊದಲು ಷರತ್ತು ಓದಿ. ಸ್ವಂತ ಬ್ಲಾಗ್‌ನಲ್ಲಿ ಎಲ್ಲವೂ ನಿಮ್ಮ ಕೈಯಲ್ಲಿ, ಆದರೆ ಮೊದಲ ಆರು ತಿಂಗಳು ಓದೋದು ನಿಮ್ಮ ಅಕ್ಕ ಮತ್ತು ನಾನು. ನನ್ನ ಸಲಹೆ, ಒಂದು ಕಡೆ ಹಾಕಿ, ವಾಟ್ಸ್ಯಾಪ್ ಚಾನೆಲ್ ಮಾಡಿ ಲಿಂಕ್ ಕಳಿಸಿ. ಆ ಚಾನೆಲ್ ನಿಮ್ಮದಾಗಿರುತ್ತೆ. ಮೊದಲ ವರ್ಷ ಇದರಿಂದ ದುಡ್ಡು ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಇನ್ನೊಂದು ಅಪಾಯ ಯಾರೂ ಹೇಳಲ್ಲ. ಕೆಲವು ಸ್ಪರ್ಧೆಗಳು, ಪ್ರಕಾಶಕರು ವೆಬ್‌ನಲ್ಲಿ ಬಂದಿದ್ದನ್ನು ‘ಈಗಾಗಲೇ ಪ್ರಕಟವಾಗಿದೆ’ ಅಂತ ಪಕ್ಕಕ್ಕಿಡುತ್ತಾರೆ. ಸ್ಪರ್ಧೆಗೆ ಕಳಿಸೋ ಆಸೆ ಇದ್ದರೆ ಬೇರೆ ಕಥೆ ಬರೆದಿಟ್ಟುಕೊಳ್ಳಿ. ಮುಖಪುಟದ ಚಿತ್ರಕ್ಕೆ ಎಐ ಬಳಸಿದರೆ ಬರೋದು ಮತ್ತೆ ಅದೇ ಕೇಪ್, ಅದೇ ಎದೆಯ ಗುರುತು. ನಿಮ್ಮ ಕಂಬದ ಒಂದು ಫೋಟೊ ತೆಗೆದು ಹಾಕಿ.

35,000 ಕೊಡಬೇಡಿ, ಈಗಂತೂ ಬೇಡ. ದುಡ್ಡು ತೆಗೆದುಕೊಂಡು ಪುಸ್ತಕ ಮಾಡಿಕೊಡೋದು ಮೋಸ ಅಂತ ನಾನು ಹೇಳಲ್ಲ, ಅದೊಂದು ಸೇವೆ. ಆದರೆ ಎಷ್ಟು ಪ್ರತಿ, ಯಾವ ಕಾಗದ, ಯಾವ ಅಂಗಡಿಗೆ ಕಳಿಸ್ತಾರೆ, ಹಕ್ಕು ಯಾರ ಬಳಿ ಉಳಿಯುತ್ತೆ, ಇವಕ್ಕೆ ಲಿಖಿತ ಉತ್ತರ ಕೇಳಿ. ಕೊಟ್ಟ ಪಟ್ಟಿಯಲ್ಲಿ ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ಅಂತ ಸಾವಿರಗಟ್ಟಲೆ ಹಾಕಿದ್ದರೆ ಅನುಮಾನ ಪಡಿ. ನಮ್ಮ ದೇಶದಲ್ಲಿ ಅದು ಉಚಿತ. ಕಾದಂಬರಿ ಮುಗಿದು, ಓದುಗರು ‘ಪುಸ್ತಕ ಬರುತ್ತಾ’ ಅಂತ ಕೇಳಿದರೆ ಆಗ ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಕೊಡೋರು ಇದ್ದಾರೆ. ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ. ಅರ್ಜಿ ಕರೆದಾಗ ನಿಯಮ ಓದಿ.

ನೀವು ಕೇಳದ ಒಂದು ಮಾತು. ನೌಕರಿಯಲ್ಲಿದ್ದೀರಿ, ಬರವಣಿಗೆಯಿಂದ ಹಣ ಬರೋ ಹಂತಕ್ಕೆ ಮೊದಲು ನಿಮ್ಮ ಸಂಸ್ಥೆಯ ನಡತೆ ನಿಯಮ ನೋಡಿ, ಲಿಖಿತವಾಗಿ ತಿಳಿಸಿ. ಕಾವ್ಯನಾಮ ಇಟ್ಟುಕೊಂಡರೆ ಈ ಜವಾಬ್ದಾರಿ ತಪ್ಪಲ್ಲ. ಕಥೆಯಲ್ಲಿ ಬರೋ ಸೆಕ್ಷನ್ ಆಫೀಸರ್ ನಿಮ್ಮ ಸಾಹೇಬರ ಹಾಗೇ ಕೆಮ್ಮಬಾರದು, ಅದೇ ಬೈಕ್ ಓಡಿಸಬಾರದು. ಊರಿನ ಹೆಸರನ್ನೂ ಬದಲಾಯಿಸಿ.

ಈ ವಾರ ಆ ಆರು ಅಧ್ಯಾಯ ಮುಟ್ಟಬೇಡಿ. ಥಂಡರ್ ಮ್ಯಾನ್ ಬೆಂಗಳೂರಲ್ಲೇ ಇರಲಿ, ಬಾಡಿಗೆ ಅವನೇ ಕಟ್ಟಿಕೊಳ್ಳಲಿ. ನನಗೆ ಒಂದು ವಿಷಯ ಬರೆದು ಕಳಿಸಿ. ಅವತ್ತು ನೀವು ಕಂಬ ಇಳಿದು ಆ ಕಲ್ಯಾಣ ಮಂಟಪಕ್ಕೆ ಹೋದಿರಾ? ಹೋಗಿದ್ದರೆ ಜನರೇಟರ್ ಪಕ್ಕ ಯಾರು ನಿಂತಿದ್ದರು, ನಿಮಗೆ ಊಟಕ್ಕೆ ಕೂರಿ ಅಂದರಾ?